ವಾಡೆಗಳ ಅಳಿವು ಉಳಿವು

ಗೋಕಾವಿ ಸೀಮೆಯ ಕೊಣ್ಣೂರಿನ ಬಳಿಯ ಶಿಲಾಸಮಾಧಿಗಳ ಸುದ್ದಿಯನ್ನು ಇತಿಹಾಸಾಸಕ್ತರು ಕೇಳಿರಬಹುದು. ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ, ಸತ್ತವರ ಮನೆಗಳವು. ಬದುಕಿದವರು ಕಟ್ಟಿಕೊಂಡ ಮನೆಗಳಿಗೆ ಅಂಥ ಆಯುಷ್ಯವಿಲ್ಲ. ಈ ಭಾಗದ ದೇಸಾಯಿ, ದೇಶಪಾಂಡೆಯರ ವಾಡೆಗಳನ್ನು ಕುರಿತು ನಾನು ಈ ಮಾತನ್ನು ಹೇಳುತ್ತಿದ್ದೇನೆ.

ವಾಡೆಯೆಂದರೆ ಬರಿಯ ದೊಡ್ಡ ಮನೆಯಲ್ಲ. ಕಂದಾಯದ ಲೆಕ್ಕ, ನ್ಯಾಯ ನಿರ್ಣಯ, ಹಬ್ಬ ಹುಣ್ಣಿಮೆಗಳು ಅದರ ಪಡಸಾಲೆಯಲ್ಲಿ ನಡೆಯುತ್ತಿದ್ದವು. ಹೆಬ್ಬಾಗಿಲು, ಕೆತ್ತನೆಯ ಕಂಬ, ಕಾಳು ತುಂಬುವ ಹಗೇವು, ಮೇಲೆ ಮಣ್ಣಿನ ಮಾಳಿಗೆ. ಈ ಮಾಳಿಗೆಗೆ ವರ್ಷವರ್ಷವೂ ಮಳೆಗಾಲದ ಮುಂಚೆ ಮಣ್ಣು ಬೀಳಬೇಕು. ತಪ್ಪಿದರೆ ನೀರಿಳಿದು ಜಂತಿ ಕೊಳೆಯುತ್ತದೆ. ಜಂತಿ ಹೋದರೆ ಗೋಡೆಯೂ ನಿಲ್ಲದು.

ಮಣ್ಣು ಹಾಕಿಸುವ ಶಕ್ತಿ ವತನದಿಂದ ಬರುತ್ತಿತ್ತು. 1950ರ ಮುಂಬಯಿ ಪರಗಣಾ ಮತ್ತು ಕುಲಕರ್ಣಿ ವತನಗಳ ರದ್ದತಿ ಕಾಯಿದೆ ಅದನ್ನು ಕೊನೆಗಾಣಿಸಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿಯೂ ನಿಂತಿತು. ಉಳುವವನಿಗೆ ನೆಲ ದೊರೆತದ್ದು ನ್ಯಾಯವೇ; ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ. ಆದರೆ ವಾಡೆಯಲ್ಲಿರುವ ಬಡಿಗರ, ಕಲ್ಲುಕುಟಿಗರ ಕೈಕಸಬು ದೇಸಾಯರೊಬ್ಬರ ಸೊತ್ತಲ್ಲ, ನಾಡಿನ ಸೊತ್ತು.

ಹಾಗಾದರೆ ಅದನ್ನು ಕಾಯುವ ಕಾಯಿದೆಯಿಲ್ಲವೇ? ಇದೆ. 1958ರ ಕೇಂದ್ರ ಕಾಯಿದೆಯಂತೆ ನೂರು ವರ್ಷ ದಾಟಿದ ಕಟ್ಟಡ, ಗೋರಿ, ಗುಹೆ, ಶಾಸನಗಳು ಪ್ರಾಚೀನ ಸ್ಮಾರಕಗಳಾಗಬಲ್ಲವು. 1961ರಲ್ಲಿ ನಮ್ಮ ರಾಜ್ಯವೂ ತನ್ನದೊಂದು ಕಾಯಿದೆ ಮಾಡಿತು. ವಾಡೆಯೂ ಕಟ್ಟಡವೇ ಸರಿ. ಆದರೆ ಈ ಕಾಯಿದೆಗಳ ದೃಷ್ಟಿಯೆಲ್ಲ ಗುಡಿ, ಕೋಟೆ, ಗೋರಿಗಳ ಕಡೆಗೆ. ಒಲೆ ಉರಿಯುವ ಮನೆಗೆ ಅವು ಒಗ್ಗುವುದಿಲ್ಲ. 2010ರ ತಿದ್ದುಪಡಿಯಂತೆ ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಊರ ನಡುವಿನ ವಾಡೆಗೆ ಇದನ್ನು ಹಚ್ಚಿದರೆ ಓಣಿಯವರೆಲ್ಲ ಕಂಗೆಡುವರು.

ಇಂಗ್ಲೆಂಡಿನಲ್ಲಿಯೂ 1913ರ ಸ್ಮಾರಕ ಕಾಯಿದೆ ಜನ ವಾಸಿಸುವ ಮನೆಗಳನ್ನು ಹೊರಗಿಟ್ಟಿತ್ತು. ಹಳ್ಳಿಗಾಡಿನ ನೂರಾರು ಸಿರಿವಂತ ಮನೆಗಳು ಅಲ್ಲಿ ನೆಲಕಂಡವು. 1947ರ ನಗರ ಗ್ರಾಮ ಯೋಜನಾ ಕಾಯಿದೆ ಬೇರೊಂದು ದಾರಿ ಹಿಡಿಯಿತು: ಮನೆಗಳ ಪಟ್ಟಿ ಮಾಡುವುದು. ಮನೆ ಒಡೆಯನದೇ, ಅವನು ಬಾಳಲು ಅಡ್ಡಿಯಿಲ್ಲ, ಕೆಡವುವುದಾದರೆ ಮಾತ್ರ ಮುಂಚಿತವಾಗಿ ತಿಳಿಸಬೇಕು. ಮುಂದೆ ಈ ನಿಯಮ ಇನ್ನೂ ಬಿಗಿಯಾಯಿತು.

ವಂಟಮುರಿಯ ರಾಜಾ ಲಖಮಗೌಡ ದೇಸಾಯರ ಹೆಸರು ಹಿಡಕಲ್ ಜಲಾಶಯಕ್ಕಿದೆ, ಬೆಳಗಾವಿಯ ವಿಜ್ಞಾನ ಕಾಲೇಜಿಗಿದೆ. ಹೆಸರನ್ನುಳಿಸಲು ಒಂದು ಫಲಕ ಸಾಕು, ವಾಡೆಯನ್ನುಳಿಸಲು ಸಾಲದು. ತಾಲೂಕಿಗೊಂದು ವಾಡೆಗಳ ಪಟ್ಟಿ, ಒಡೆಯರಿಗೆ ಅಲ್ಲಿಯೇ ಬಾಳುವ ಹಕ್ಕು, ಮಾಳಿಗೆಗೆ ಮಣ್ಣು ಹಾಕಿಸಲು ವರ್ಷಕ್ಕಿಷ್ಟು ಸಹಾಯಧನ: ಈ ಮೂರನ್ನು ಕೊಡುವ ಕಾಯಿದೆ ಬಂದರೆ ಅಳಿದುಳಿದ ವಾಡೆಗಳಾದರೂ ಮುಂದಿನವರ ಕಣ್ಣಿಗೆ ಬಿದ್ದಾವು.