ಕಡತದ ಪೂರ್ವಾವಸ್ಥೆಗಳು

ತಿದ್ದಿದ ಬರಹದ ಹಿಂದಿನ ರೂಪವನ್ನು ಬೇಕೆನಿಸಿದಾಗ ಮರಳಿ ಪಡೆಯುವ ಸೌಕರ್ಯವು ಗಣಕಯಂತ್ರದ ಪ್ರಪಂಚಕ್ಕೆ ತಾನಾಗಿ ಒದಗಿಬಂದುದಲ್ಲ. 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರೋಚ್‌ಕಿಂಡ್ ಎಂಬವರು ರೂಪಿಸಿದ ಎಸ್‌ಸಿಸಿಎಸ್ ವ್ಯವಸ್ಥೆಯು ಈ ಮಾರ್ಗದ ಆದ್ಯ ಪ್ರಯತ್ನಗಳಲ್ಲಿ ಗಣ್ಯವಾದುದು. ಎಲ್ಲ ಆವೃತ್ತಿಗಳ ಸಾಲುಗಳನ್ನೂ ಒಂದೇ ಕಡತದಲ್ಲಿ ಹೆಣೆದಿಟ್ಟು, ಯಾವ ಸಾಲು ಯಾವ ತಿದ್ದುಪಡಿಯಲ್ಲಿ ಸೇರಿತು, ಯಾವುದರಲ್ಲಿ ಅಳಿಯಿತು ಎಂಬ ಗುರುತುಗಳನ್ನು ನಡುನಡುವೆ ಇರಿಸುವುದು ಅದರ ಕ್ರಮವಾಗಿದ್ದಿತು. ಆದುದರಿಂದ ನಿನ್ನೆಯ ಪ್ರತಿಯನ್ನು ಕೇಳಲಿ, ವರ್ಷಗಳ ಹಿಂದಿನದನ್ನು ಕೇಳಲಿ, ಯಂತ್ರವು ಇಡೀ ಕಡತವನ್ನು ಓದಿಯೇ ತೀರಬೇಕಾಗಿತ್ತು.

1980ರ ದಶಕದ ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಷಿ, ಜನರು ಬಹುತೇಕ ಬಯಸುವುದು ಇತ್ತೀಚಿನ ಪ್ರತಿಯನ್ನೇ ಎಂಬುದನ್ನು ಮನಗಂಡು, ತಮ್ಮ ಆರ್‌ಸಿಎಸ್‌ನಲ್ಲಿ ಅದನ್ನು ಅಖಂಡವಾಗಿಯೂ ಹಿಂದಿನವುಗಳನ್ನು ಕೇವಲ ವ್ಯತ್ಯಾಸಗಳ ರೂಪದಲ್ಲಿಯೂ ಕಾದಿರಿಸಿದರು. 1.5ನೆಯ ಆವೃತ್ತಿ ಕಡೆಯದಾಗಿದ್ದರೆ ಅದು ಇದ್ದಂತೆಯೇ ಕೈಸೇರುವುದು, 1.2 ಬೇಕೆಂದವರಿಗಾಗಿ ಯಂತ್ರವು 1.4, 1.3 ಎಂದು ಒಂದೊಂದೇ ಮೆಟ್ಟಿಲಿಳಿದು ಅದನ್ನು ಪುನಃ ಕಟ್ಟಿಕೊಡುವುದು. ಆದರೆ ಒಬ್ಬನು ತಿದ್ದಲೆಂದು ಬೀಗ ಹಾಕಿಕೊಂಡ ಕಡತಕ್ಕಾಗಿ ಮಿಕ್ಕವರು ಕಾದಿರಬೇಕಾಗುತ್ತಿದ್ದಿತು.

ಆ್ಯಮ್‌ಸ್ಟರ್‌ಡ್ಯಾಮಿನಲ್ಲಿ ಡಿಕ್ ಗ್ರೂನ್ ಅವರು, ಬೇರೆಬೇರೆ ವೇಳೆಯಲ್ಲಿ ದುಡಿಯುತ್ತಿದ್ದ ತಮ್ಮ ವಿದ್ಯಾರ್ಥಿಗಳೊಡನೆ ಕೆಲಸ ಮಾಡುವ ಸಲುವಾಗಿ ರಚಿಸಿ 1986ರಲ್ಲಿ ಪ್ರಕಟಿಸಿದ ಸಿವಿಎಸ್ ಈ ಕಾಯುವಿಕೆಯನ್ನು ನೀಗಿಸಿತು. ಮುಂದೆ ಆವೃತ್ತಿಗಳನ್ನೆಲ್ಲ ಕೂಡಿಡುವ ಭಂಡಾರವು ದೂರದ ಸರ್ವರಿನಲ್ಲಿ ನೆಲೆಗೊಂಡಿತು. 2000ದಲ್ಲಿ ಆರಂಭವಾದ ಸಬ್‌ವರ್ಷನ್, ಬಿಡಿ ಕಡತಕ್ಕೆ ಬದಲಾಗಿ ಸಮಗ್ರ ಭಂಡಾರಕ್ಕೇ ಒಂದು ಕ್ರಮಸಂಖ್ಯೆಯನ್ನಿತ್ತಿತು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರ ಗಿಟ್ ಬಂದ ಬಳಿಕ ಪೂರ್ಣ ಇತಿಹಾಸವೇ ಪ್ರತಿಯೊಬ್ಬನ ಯಂತ್ರದಲ್ಲಿ ನೆಲೆಸಿ, ಹಳೆಯ ಪ್ರತಿಗಾಗಿ ಸರ್ವರಿನ ಬಾಗಿಲು ತಟ್ಟುವ ಅಗತ್ಯವು ಬಹುಮಟ್ಟಿಗೆ ಇಲ್ಲವಾಯಿತು.