ಸಮ್ಮೋಹನ ಎಂದರೆ ವಶೀಕರಣವೇ? ದಿನನಿತ್ಯದ ಆತಂಕಕ್ಕೆ ಹಿಪ್ನೋಥೆರಪಿ ಮತ್ತು ಸಿಬಿಟಿ

ರಾತ್ರಿ ಒಂಬತ್ತೂವರೆಗೆ ಮ್ಯಾನೇಜರ್ ಕಡೆಯಿಂದ ಮೊಬೈಲಿಗೆ ಒಂದು ಸಂದೇಶ ಬರುತ್ತದೆ. "ನಾಳೆ ಬಂದ ತಕ್ಷಣ ನನ್ನನ್ನು ಕಾಣಿ." ಕಾರಣ ಬರೆದಿಲ್ಲ. ತುತ್ತು ಗಂಟಲಲ್ಲಿ ಇಳಿಯುವುದಿಲ್ಲ, ಎದೆ ಡವಡವ ಎನ್ನುತ್ತದೆ, ರಾತ್ರಿ ಎರಡಾದರೂ ನಿದ್ದೆ ಹತ್ತುವುದಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಯಾವುದೋ ಕಾಗದಕ್ಕೆ ಒಂದು ಸಹಿ ಬೇಕಿತ್ತು, ಅಷ್ಟೇ!

ಇಂಥದ್ದು ಎಂದೋ ಒಮ್ಮೆ ಆದರೆ ಮರುದಿನ ನಗುತ್ತಾ ಹೇಳಿಕೊಳ್ಳುತ್ತೇವೆ. ವಾರದಲ್ಲಿ ನಾಲ್ಕು ದಿನ ಆದರೆ ನಗು ಬರುವುದಿಲ್ಲ. ಸಭೆಯಲ್ಲಿ ಮಾತಾಡಲು ಭಯ, ಪರೀಕ್ಷೆಯ ಭಯ, ಸಣ್ಣದಕ್ಕೂ ಸಿಟ್ಟು, ಬಾರದ ನಿದ್ದೆ ಇವೆಲ್ಲ ಹೊರಗೆ ಕಾಣದ, ಆದರೆ ಬದುಕನ್ನು ಮೆಲ್ಲಗೆ ಕಿರಿದು ಮಾಡುವ ತೊಂದರೆಗಳು. ಪರಿಹಾರ ಹುಡುಕಿ ಇಂಟರ್‌ನೆಟ್‌ಗೆ ಹೋದವರಿಗೆ ಎರಡು ಹೆಸರುಗಳು ಎದುರಾಗುತ್ತವೆ. ಒಂದು ಹಿಪ್ನೋಥೆರಪಿ, ಅಂದರೆ ಸಮ್ಮೋಹನ ಚಿಕಿತ್ಸೆ. ಇನ್ನೊಂದು ಸಿಬಿಟಿ, ಅಂದರೆ ಅರಿವು-ವರ್ತನೆ ಚಿಕಿತ್ಸೆ.

ಮೊದಲನೆಯ ಹೆಸರು ಕೇಳಿದ ಕೂಡಲೇ ಸಿನಿಮಾದ ತೂಗಾಡುವ ಗಡಿಯಾರವೋ, ಬಸ್ ನಿಲ್ದಾಣದ ಗೋಡೆಯ ಮೇಲಿನ 'ವಶೀಕರಣ' ಚೀಟಿಯೋ ನೆನಪಾಗುತ್ತದೆ. ಎರಡನೆಯದನ್ನು ಹಲವರು ಕೇಳಿಯೇ ಇರುವುದಿಲ್ಲ. ಇದರಿಂದ ನಷ್ಟ ಎರಡು ಬಗೆ. ಕೆಲವರು ಹೆದರಿ ಚಿಕಿತ್ಸೆಯ ಹತ್ತಿರವೇ ಸುಳಿಯುವುದಿಲ್ಲ. ಇನ್ನು ಕೆಲವರು "ಒಂದೇ ಸೆಷನ್‌ನಲ್ಲಿ ಗುಣ" ಎಂಬ ಮಾತು ನಂಬಿ ದುಡ್ಡನ್ನೂ ಸಮಯವನ್ನೂ ಕಳೆದುಕೊಳ್ಳುತ್ತಾರೆ. ಹಾಗಾದರೆ ಈ ಎರಡು ಚಿಕಿತ್ಸೆಗಳು ನಿಜಕ್ಕೂ ಏನು ಮಾಡುತ್ತವೆ? ಯಾವುದಕ್ಕೆ ಎಷ್ಟು ಪುರಾವೆ ಇದೆ?

ಸಿಬಿಟಿ ಹೇಗೆ ಕೆಲಸ ಮಾಡುತ್ತದೆ?

ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ತಿಳಿದು ಬೆಚ್ಚಿಬೀಳುವ ಉದಾಹರಣೆ ನಮಗೆಲ್ಲ ಗೊತ್ತು. ಬೆಚ್ಚಿಬೀಳಿಸಿದ್ದು ಹಗ್ಗವಲ್ಲ, "ಅದು ಹಾವು" ಎಂಬ ಯೋಚನೆ. ಸಿಬಿಟಿಯ ಬೇರು ಇರುವುದು ಇಲ್ಲೇ. ನಡೆದ ಘಟನೆಗೂ ನಮ್ಮ ಭಾವನೆಗೂ ನಡುವೆ ಒಂದು ಯೋಚನೆ ಇರುತ್ತದೆ. ಅದು ಎಷ್ಟು ಬೇಗ ಬಂದುಹೋಗುತ್ತದೆ ಎಂದರೆ ನಾವು ಅದನ್ನು ಗಮನಿಸುವುದೇ ಇಲ್ಲ.

ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಇದನ್ನು ತಮ್ಮ ರೋಗಿಗಳಲ್ಲಿ ಗುರುತಿಸಿದರು. ಖಿನ್ನತೆಯಿಂದ ಬಳಲುವವರ ಮನಸ್ಸಿನಲ್ಲಿ "ನನ್ನಿಂದ ಏನೂ ಆಗದು", "ಮುಂದೆಯೂ ಹೀಗೇ" ಎಂಬ ಮಾತುಗಳು ತಾವಾಗಿಯೇ ಏಳುತ್ತಿದ್ದವು. ಬೆಕ್ ಅವುಗಳನ್ನು ಸ್ವಯಂಚಾಲಿತ ಯೋಚನೆಗಳು ಎಂದು ಕರೆದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಆಲ್ಬರ್ಟ್ ಎಲಿಸ್ ಎಂಬ ಮನಶ್ಶಾಸ್ತ್ರಜ್ಞರೂ ಇದೇ ದಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದರು. ಭಯವಿರುವ ಸನ್ನಿವೇಶವನ್ನು ಹಂತಹಂತವಾಗಿ ಎದುರಿಸುವ ವರ್ತನಾ ಚಿಕಿತ್ಸೆಯ ವಿಧಾನಗಳೂ ಇದರ ಜೊತೆ ಸೇರಿ ಇಂದಿನ ಸಿಬಿಟಿ ರೂಪುಗೊಂಡಿತು.

ಮ್ಯಾನೇಜರ್ ಸಂದೇಶವನ್ನೇ ತೆಗೆದುಕೊಳ್ಳೋಣ. ಸಿಬಿಟಿ ಚಿಕಿತ್ಸಕರು ಅದನ್ನು ಕಾಗದದ ಮೇಲೆ ಹೀಗೆ ಬಿಡಿಸಿಡುತ್ತಾರೆ.

- ಘಟನೆ: "ನಾಳೆ ಬಂದ ತಕ್ಷಣ ಕಾಣಿ" ಎಂಬ ಸಂದೇಶ.
- ಯೋಚನೆ: ನನ್ನನ್ನು ಕೆಲಸದಿಂದ ತೆಗೆಯುತ್ತಾರೆ. (ನಂಬಿಕೆ 100ಕ್ಕೆ 90)
- ಭಾವನೆ, ದೇಹ: ಭಯ, ಎದೆಬಡಿತ, ಹೊಟ್ಟೆ ತೊಳೆಸುವುದು.
- ಪರವಾದ ಪುರಾವೆ: ಕಾರಣ ಬರೆದಿಲ್ಲ. ಹಿಂದಿನ ವಾರ ಒಂದು ವರದಿ ತಡವಾಗಿತ್ತು.
- ವಿರುದ್ಧವಾದ ಪುರಾವೆ: ಅವರು ಯಾರಿಗೂ ಕಾರಣ ಬರೆಯುವವರಲ್ಲ. ಹಿಂದೆ ಐದಾರು ಸಲ ಹೀಗೆ ಕರೆದಾಗಲೂ ಸಣ್ಣ ಕೆಲಸವೇ ಇತ್ತು.
- ಹೊಸ ಯೋಚನೆ: ಕಾರಣ ಏನೆಂದು ಗೊತ್ತಿಲ್ಲ. ವರದಿಯ ಮಾತು ಬಂದರೆ ಉತ್ತರ ಕೊಡಬಲ್ಲೆ. (ಹಳೆಯ ಯೋಚನೆಯ ಮೇಲಿನ ನಂಬಿಕೆ ಈಗ 40)

ಇದು "ಎಲ್ಲ ಒಳ್ಳೆಯದೇ ಆಗುತ್ತದೆ" ಎಂದು ಮನಸ್ಸನ್ನು ಸಮಾಧಾನಪಡಿಸುವುದಕ್ಕಿಂತ ಬೇರೆ. ವಕೀಲರು ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವಂತೆ ನಮ್ಮದೇ ಯೋಚನೆಯನ್ನು ಪ್ರಶ್ನಿಸುವ ಕ್ರಮ. ಕೆಲವೊಮ್ಮೆ ಯೋಚನೆ ನಿಜವೇ ಆಗಿರುತ್ತದೆ. ಕೆಲಸ ಹೋಗುವ ಸಾಧ್ಯತೆ ನಿಜವಾಗಿಯೂ ಇದ್ದರೆ ಆಗ ಬೇಕಿರುವುದು ಯೋಚನೆಯ ತಿದ್ದುಪಡಿಯಲ್ಲ, ಮುಂದೇನು ಎಂಬ ಯೋಜನೆ.

ತಪ್ಪಿಸಿಕೊಂಡಷ್ಟೂ ಬೆಳೆಯುವ ಭಯ

ಸಿಬಿಟಿಯ ಇನ್ನೊಂದು ಅರ್ಧ ವರ್ತನೆಗೆ ಸೇರಿದ್ದು. ಸಭೆಯಲ್ಲಿ ಮಾತಾಡಲು ಹೆದರುವವರು ಹುಷಾರಿಲ್ಲ ಎಂದು ರಜೆ ಹಾಕುತ್ತಾರೆ. ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆದರೆ "ತಪ್ಪಿಸಿಕೊಂಡೆ, ಉಳಿದೆ" ಎಂಬ ಪಾಠವನ್ನು ಮೆದುಳು ಕಲಿತುಬಿಡುತ್ತದೆ. ಮುಂದಿನ ಸಭೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಇದಕ್ಕೆ ಮದ್ದು ಏಣಿಯಂತೆ ಹತ್ತುವುದು. ಮೊದಲ ವಾರ ಸಭೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳುವುದು. ನಂತರ ಮೂವರು ಸಹೋದ್ಯೋಗಿಗಳ ಮುಂದೆ ಎರಡು ನಿಮಿಷ ಮಾತಾಡುವುದು. ಆಮೇಲೆ ಹತ್ತು ಮಂದಿ. ಪ್ರತಿ ಮೆಟ್ಟಿಲಲ್ಲೂ "ಏನಾಗುತ್ತದೆ ಎಂದುಕೊಂಡಿದ್ದೆ, ಏನಾಯಿತು" ಎಂದು ಬರೆದಿಡಬೇಕು.

"ಎಲ್ಲರೂ ನನ್ನನ್ನೇ ನೋಡುತ್ತಾರೆ" ಎಂಬ ಭಯದ ಬಗ್ಗೆ ಒಂದು ಸೊಗಸಾದ ಪ್ರಯೋಗವಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಮುಜುಗರ ತರುವ ಚಿತ್ರವಿದ್ದ ಟೀ-ಶರ್ಟ್ ತೊಡಿಸಿ, ಇತರರು ಕುಳಿತಿದ್ದ ಕೋಣೆಗೆ ಕಳುಹಿಸಿದರು. 2000ದಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಹೆಚ್ಚುಕಡಿಮೆ ಅರ್ಧದಷ್ಟು ಜನ ತಮ್ಮ ಅಂಗಿಯನ್ನು ಗುರುತಿಸಿರುತ್ತಾರೆ ಎಂದು ತೊಟ್ಟವರು ಅಂದಾಜಿಸಿದ್ದರು. ನಿಜವಾಗಿ ಗುರುತಿಸಿದವರು ಸುಮಾರು ಕಾಲುಭಾಗ ಮಾತ್ರ!

ಸಮ್ಮೋಹನದ ಕಥೆ: ಪ್ಯಾರಿಸ್‌ನಿಂದ ಗೋವಾವರೆಗೆ

ಸಮ್ಮೋಹನಕ್ಕೆ ಅಂಟಿಕೊಂಡ ಮಾಯಾಜಾಲದ ಬಣ್ಣ ಹಳೆಯದು. 18ನೇ ಶತಮಾನದಲ್ಲಿ ಫ್ರಾನ್ಸ್ ಮೆಸ್ಮರ್ ಎಂಬ ವೈದ್ಯ, ದೇಹದೊಳಗೆ ಹರಿಯುವ ಕಾಂತಶಕ್ತಿಯನ್ನು ಸರಿಪಡಿಸಿ ರೋಗ ವಾಸಿಮಾಡುತ್ತೇನೆ ಎಂದು ಪ್ಯಾರಿಸ್‌ನಲ್ಲಿ ಹೆಸರು ಮಾಡಿದ. 1784ರಲ್ಲಿ ದೊರೆ 16ನೇ ಲೂಯಿ ಇದರ ತನಿಖೆಗೆ ಆಯೋಗ ನೇಮಿಸಿದ. ಅದರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ರಸಾಯನಶಾಸ್ತ್ರಜ್ಞ ಲವಾಸಿಯೆ ಇದ್ದರು. ಫ್ರಾಂಕ್ಲಿನ್ ಅವರ ತೋಟದ ಒಂದೇ ಒಂದು ಮರಕ್ಕೆ ಮೆಸ್ಮರ್‌ನ ಶಿಷ್ಯನಿಂದ 'ಕಾಂತಶಕ್ತಿ' ತುಂಬಿಸಿ, 12 ವರ್ಷದ ಹುಡುಗನನ್ನು ಕಣ್ಣಿಗೆ ಬಟ್ಟೆ ಕಟ್ಟಿ ಬೇರೆ ಮರಗಳ ಬಳಿ ಕರೆದೊಯ್ದರು. ಶಕ್ತಿ ತುಂಬದ ನಾಲ್ಕನೆಯ ಮರದ ಬಳಿಯೇ ಹುಡುಗ ಮೂರ್ಛೆ ಹೋದ! ಕೆಲಸ ಮಾಡಿದ್ದು ಕಾಂತಶಕ್ತಿಯಲ್ಲ, ಕಲ್ಪನೆ ಎಂದು ಆಯೋಗ ತೀರ್ಮಾನಿಸಿತು.

ಆ 'ಕಲ್ಪನೆ'ಯನ್ನೇ ಗಂಭೀರವಾಗಿ ತೆಗೆದುಕೊಂಡವರಲ್ಲಿ ಒಬ್ಬರು ನಮ್ಮ ನೆರೆಯವರು. ಗೋವಾದ ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿದ ಪಾದ್ರಿ ಅಬೆ ಫಾರಿಯಾ, 1813ರಲ್ಲಿ ಪ್ಯಾರಿಸ್‌ನಲ್ಲಿ ಸಾರ್ವಜನಿಕ ಪ್ರದರ್ಶನಗಳನ್ನು ನಡೆಸಿದರು. ಸಮ್ಮೋಹನ ಮಾಡುವವನಿಂದ ಯಾವ ಶಕ್ತಿಯೂ ಹರಿಯುವುದಿಲ್ಲ, ನಡೆಯುವುದೆಲ್ಲ ಒಳಗಾಗುವವನ ಮನಸ್ಸಿನಲ್ಲೇ ಎಂಬುದು ಅವರ ವಾದ. ಪಣಜಿಯ ಹಳೆಯ ಸಚಿವಾಲಯದ ಪಕ್ಕದಲ್ಲಿ ಅವರ ಪ್ರತಿಮೆ ಇಂದಿಗೂ ಇದೆ. 'ಹಿಪ್ನಾಟಿಸಂ' ಪದವನ್ನು ರೂಢಿಗೆ ತಂದದ್ದು 1840ರ ದಶಕದಲ್ಲಿ ಸ್ಕಾಟ್‌ಲೆಂಡ್ ಮೂಲದ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್. ಗ್ರೀಕಿನಲ್ಲಿ ಹಿಪ್ನೋಸ್ ಎಂದರೆ ನಿದ್ದೆ. ಇದು ನಿದ್ದೆಯಲ್ಲ, ಒಂದೇ ವಿಚಾರದ ಮೇಲೆ ನೆಟ್ಟ ಗಮನ ಎಂದು ಆಮೇಲೆ ಮನಗಂಡ ಬ್ರೇಡ್ ಹೆಸರು ಬದಲಿಸಲು ನೋಡಿದರು. ಹಳೆಯ ಹೆಸರೇ ಉಳಿದುಕೊಂಡಿತು.

ಇಂದಿನ ಹಿಪ್ನೋಥೆರಪಿಯಲ್ಲಿ ಲೋಲಕವೇನೂ ಬೇಕಿಲ್ಲ. ಆರಾಮವಾಗಿ ಕೂರಿಸಿ, ಉಸಿರಿನ ಮೇಲೋ ಒಂದು ಚಿತ್ರದ ಮೇಲೋ ಗಮನ ನಿಲ್ಲಿಸಲು ಹೇಳುತ್ತಾರೆ. ಹೊರಗಿನ ಸದ್ದು ಹಿಂದೆ ಸರಿದ ಮೇಲೆ ಮೊದಲೇ ಒಪ್ಪಿಕೊಂಡ ಸಲಹೆಗಳನ್ನು ಕೊಡುತ್ತಾರೆ. ಉದಾಹರಣೆಗೆ, ಸಭೆಯಲ್ಲಿ ಎದ್ದುನಿಂತು ನಿಧಾನವಾಗಿ ಮಾತಾಡುತ್ತಿರುವುದನ್ನು ಕಣ್ಣಿಗೆ ಕಟ್ಟುವಂತೆ ಕಲ್ಪಿಸಿಕೊಳ್ಳಲು ಹೇಳಬಹುದು. ಕಾದಂಬರಿಯಲ್ಲಿ ಮುಳುಗಿದಾಗ ಯಾರೋ ಕರೆದದ್ದು ಕೇಳಿಸದೆ ಹೋಗುತ್ತದಲ್ಲ, ಅನುಭವ ಹೆಚ್ಚುಕಡಿಮೆ ಹಾಗೆ.

ನಂಬಿಕೆ ಏನು, ವಾಸ್ತವ ಏನು?

"ಸಮ್ಮೋಹನದಲ್ಲಿ ನಾವು ಇನ್ನೊಬ್ಬರ ವಶವಾಗುತ್ತೇವೆ." ಇಲ್ಲ. ವ್ಯಕ್ತಿಗೆ ಎಚ್ಚರವಿರುತ್ತದೆ. ಬೇಡವೆನಿಸಿದ ಸಲಹೆಯನ್ನು ತಳ್ಳಿಹಾಕಬಹುದು, ಎದ್ದು ಹೋಗಬಹುದು. ವೇದಿಕೆಯ ಪ್ರದರ್ಶನಗಳಲ್ಲಿ ಜನ ಕೋಳಿಯಂತೆ ಕೂಗುವುದಕ್ಕೆ, ಬೇಗ ಸ್ಪಂದಿಸುವವರನ್ನು ಮೊದಲೇ ಆರಿಸಿಕೊಂಡಿರುವುದು ಮತ್ತು ನೂರಾರು ಜನ ನೋಡುತ್ತಿರುವ ಒತ್ತಡ ಮುಖ್ಯ ಕಾರಣ.

"ಹೋದರೆ ವಾಪಸ್ ಬರಲಾಗದೆ ಸಿಕ್ಕಿಹಾಕಿಕೊಳ್ಳಬಹುದು." ಇಲ್ಲ. ಚಿಕಿತ್ಸಕರು ನಡುವೆ ಎದ್ದು ಹೋದರೂ ನೀವು ಕಣ್ಣು ಬಿಡುತ್ತೀರಿ, ಹೆಚ್ಚೆಂದರೆ ನಿದ್ದೆ ಮಾಡಿ ಏಳುತ್ತೀರಿ.

"ಎಲ್ಲರ ಮೇಲೂ ಒಂದೇ ರೀತಿ ಕೆಲಸ ಮಾಡುತ್ತದೆ." ಇಲ್ಲ. ಇದನ್ನು ಅಳೆಯಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1959ರಲ್ಲಿಯೇ ಮಾಪನವೊಂದನ್ನು ರೂಪಿಸಲಾಯಿತು. ಕೆಲವರು ತುಂಬ ಸುಲಭವಾಗಿ ಸ್ಪಂದಿಸುತ್ತಾರೆ, ಕೆಲವರು ಬಹುಮಟ್ಟಿಗೆ ಸ್ಪಂದಿಸುವುದೇ ಇಲ್ಲ, ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ.

"ಮರೆತ ನೆನಪುಗಳನ್ನು ಹೊರತೆಗೆಯಬಹುದು." ಇದು ಅಪಾಯದ ನಂಬಿಕೆ. ಸಮ್ಮೋಹನದಲ್ಲಿ ನೆನಪು ನಿಖರವಾಗುವುದಿಲ್ಲ. ನೆನಪಿನ ಮೇಲಿನ ವಿಶ್ವಾಸ ಮಾತ್ರ ಹೆಚ್ಚಬಹುದು. ನಡೆಯದ ಘಟನೆಯೂ ನಡೆದಂತೆ ಅನಿಸಬಹುದು. ಹಿಂದಿನ ಜನ್ಮಕ್ಕೆ ಕರೆದೊಯ್ಯುತ್ತೇವೆ ಎನ್ನುವ ಕಡೆ ಈ ಮಾತು ನೆನಪಿರಲಿ.

ಪುರಾವೆ ಯಾವುದಕ್ಕೆ ಎಷ್ಟಿದೆ?

ಆತಂಕ, ಖಿನ್ನತೆ, ಪ್ಯಾನಿಕ್, ಗೀಳು ಇವುಗಳಿಗೆ ಸಿಬಿಟಿಯ ಹಿಂದೆ ದಶಕಗಳ ಪ್ರಯೋಗಗಳಿವೆ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಗಳು ಇದನ್ನು ಶಿಫಾರಸು ಮಾಡುತ್ತವೆ. ಬಹುಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ನಿದ್ದೆಗಾಗಿಯೇ ರೂಪಿಸಿದ ಸಿಬಿಟಿ ಕೊಡಬೇಕು ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಹೇಳಿತು.

ಸಮ್ಮೋಹನದ ಪುರಾವೆ ಸಮಸ್ಯೆಯಿಂದ ಸಮಸ್ಯೆಗೆ ಬೇರೆ. ಮೇಲಿಂದ ಮೇಲೆ ಹೊಟ್ಟೆ ಕೆಡಿಸುವ ಐಬಿಎಸ್ ತೊಂದರೆ 12 ತಿಂಗಳ ಔಷಧಿಯಿಂದಲೂ ತಗ್ಗದಿದ್ದರೆ ಸಿಬಿಟಿ ಅಥವಾ ಹಿಪ್ನೋಥೆರಪಿಯನ್ನು ಪರಿಗಣಿಸಬಹುದು ಎಂದು ನೈಸ್ ಹೇಳುತ್ತದೆ. ಸಿಗರೇಟು ಬಿಡಿಸುವ ವಿಷಯದಲ್ಲಿ 2019ರ ಕಾಕ್ರೇನ್ ವಿಮರ್ಶೆಗೆ, ಹಿಪ್ನೋಥೆರಪಿ ಬೇರೆ ವಿಧಾನಗಳಿಗಿಂತ ಮೇಲು ಎನ್ನಲು ಸ್ಪಷ್ಟ ಪುರಾವೆ ಸಿಗಲಿಲ್ಲ.

ಎರಡನ್ನೂ ಸೇರಿಸಿದರೆ? ಅರ್ವಿಂಗ್ ಕಿರ್ಷ್ ಮತ್ತು ಸಂಗಡಿಗರು 1995ರಲ್ಲಿ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಿಬಿಟಿಗೆ ಸಮ್ಮೋಹನ ಸೇರಿಸಿಕೊಂಡ ಸರಾಸರಿ ವ್ಯಕ್ತಿ, ಸಮ್ಮೋಹನವಿಲ್ಲದ ಅದೇ ಚಿಕಿತ್ಸೆ ಪಡೆದವರಲ್ಲಿ ಕನಿಷ್ಠ ಶೇ. 70ರಷ್ಟು ಮಂದಿಗಿಂತ ಹೆಚ್ಚು ಸುಧಾರಿಸಿದ್ದ. ಈ ಸಂಖ್ಯೆ ಜಾಹೀರಾತುಗಳಿಗೆ ಪ್ರಿಯ. ಆದರೆ ಅದರಲ್ಲಿದ್ದ ತೂಕ ಇಳಿಕೆಯ ಅಧ್ಯಯನಗಳನ್ನು ಬೇರೆ ಸಂಶೋಧಕರು ಮರುವರ್ಷವೇ ಮತ್ತೆ ಲೆಕ್ಕ ಹಾಕಿದಾಗ ಲಾಭ ಬಹಳ ಸಣ್ಣದಾಗಿ ಕಂಡಿತು. ಆತಂಕದ ಬಗ್ಗೆ 2019ರಲ್ಲಿ ಬಂದ ಇನ್ನೊಂದು ವಿಶ್ಲೇಷಣೆಯಲ್ಲಿ, ಸಮ್ಮೋಹನವನ್ನು ಒಂಟಿಯಾಗಿ ಬಳಸಿದ್ದಕ್ಕಿಂತ ಇತರ ಮನೋಚಿಕಿತ್ಸೆಯ ಜೊತೆ ಬಳಸಿದಾಗ ಫಲ ಹೆಚ್ಚಿತ್ತು.

ಇದರ ಸಾರ ಇಷ್ಟು. ದಿನನಿತ್ಯದ ಆತಂಕಕ್ಕೆ ಊಟ ಸಿಬಿಟಿ, ಉಪ್ಪಿನಕಾಯಿ ಸಮ್ಮೋಹನ. ಒಗ್ಗುವವರಿಗೆ ರುಚಿ ಹೆಚ್ಚುತ್ತದೆ, ಅದೊಂದರಿಂದಲೇ ಹೊಟ್ಟೆ ತುಂಬುವುದಿಲ್ಲ.

ಯಾರ ಬಳಿ ಹೋಗಬೇಕು?

ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ತೊಂದರೆಯ ಬಗೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಈ ಖಾಲಿ ಜಾಗದಲ್ಲೇ ವಾರಾಂತ್ಯದ ಸರ್ಟಿಫಿಕೇಟ್ ಹಿಡಿದವರು ಬೋರ್ಡು ಹಾಕಿಕೊಳ್ಳುವುದು. ಹೋಗುವ ಮುನ್ನ ಈ ಕೆಲವು ವಿಷಯ ನೋಡಿಕೊಳ್ಳಿ.

- ಅವರು ಮನೋವೈದ್ಯರೇ ಅಥವಾ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಕ್ಲಿನಿಕಲ್ ಸೈಕಾಲಜಿಸ್ಟರೇ ಎಂದು ಕೇಳಿ. ಕೇಳಿದರೆ ತಪ್ಪಿಲ್ಲ.
- ಸಿಬಿಟಿಗೆ ಸಾಮಾನ್ಯವಾಗಿ 6ರಿಂದ 20 ಭೇಟಿಗಳು ಬೇಕಾಗುತ್ತವೆ, ನಡುವೆ ಮನೆಗೆಲಸ ಇರುತ್ತದೆ. "ಒಂದೇ ಸಲಕ್ಕೆ ಗ್ಯಾರಂಟಿ" ಎಂದರೆ ಅಲ್ಲಿಂದಲೇ ಹಿಂತಿರುಗಿ.
- ಮೊದಲು ದೇಹದ ಪರೀಕ್ಷೆ ಆಗಲಿ. ಥೈರಾಯ್ಡ್ ಏರುಪೇರು, ರಕ್ತಹೀನತೆ ಕೂಡ ಎದೆಬಡಿತ, ಸುಸ್ತು ತರುತ್ತವೆ.
- ಇಲ್ಲದ ದನಿ ಕೇಳಿಸುವುದು, ವಿಪರೀತ ಸಂಶಯದಂತಹ ಲಕ್ಷಣ ಇರುವವರಿಗೆ ಮನೋವೈದ್ಯರನ್ನು ಕೇಳದೆ ಸಮ್ಮೋಹನ ಬೇಡ.
- ನಡೆಯುತ್ತಿರುವ ಮಾತ್ರೆಗಳನ್ನು ಯಾರ ಮಾತು ಕೇಳಿಯೂ ತಾವಾಗಿ ನಿಲ್ಲಿಸಬೇಡಿ.

ಬೇಸರ, ನಿರಾಸಕ್ತಿ ಎರಡು ವಾರ ದಾಟಿದರೆ ಅಥವಾ ಕೆಲಸ, ಊಟ, ನಿದ್ದೆ ಕೆಟ್ಟಿದ್ದರೆ ಸಹಾಯ ಕೇಳುವ ಹೊತ್ತಾಗಿದೆ ಎಂದರ್ಥ. ಬದುಕು ಬೇಡವೆಂಬ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ತೊಂದರೆ ಇನ್ನೂ ಸಣ್ಣದಾಗಿದ್ದರೆ ಇವತ್ತು ರಾತ್ರಿಯೇ ಒಂದು ಕೆಲಸ ಶುರುಮಾಡಬಹುದು. ಮುಂದಿನ ಸಲ ಎದೆ ಡವಡವ ಎಂದಾಗ ಒಂದು ಹಾಳೆ ತೆಗೆದುಕೊಂಡು ಆ ಕ್ಷಣದಲ್ಲಿ ತಲೆಯಲ್ಲಿ ಓಡಿದ ವಾಕ್ಯವನ್ನು ಇದ್ದಂತೆಯೇ ಬರೆಯಿರಿ. ಅದರ ಕೆಳಗೆ "ಇದೇ ಮಾತನ್ನು ನನ್ನ ಗೆಳತಿಯೋ ತಮ್ಮನೋ ಹೇಳಿದ್ದರೆ ನಾನೇನು ಹೇಳುತ್ತಿದ್ದೆ?" ಎಂಬ ಪ್ರಶ್ನೆಗೆ ಉತ್ತರ ಬರೆಯಿರಿ. ಒಂದು ವಾರ ಬರೆದ ಮೇಲೆ ಓದಿ ನೋಡಿ. ಬೇರೆ ಬೇರೆ ದಿನಗಳ ಭಯದ ಹಿಂದೆ ಒಂದೆರಡು ವಾಕ್ಯಗಳೇ ಮತ್ತೆ ಮತ್ತೆ ಬಂದಿರುವುದು ಕಾಣಬಹುದು. ಚಿಕಿತ್ಸಕರ ಬಳಿ ಹೋಗುವಾಗ ಆ ಹಾಳೆಯನ್ನು ಜೊತೆಗೆ ಒಯ್ಯಿರಿ, ಮೊದಲ ಭೇಟಿಯ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.