ಬಟ್ಟೆಯ ಗಂಟಿನಲ್ಲಿ ಬಂದ ಪ್ರೋಟೀನು

ಊರಿನಿಂದ ಬಂದ ನೆಂಟರಿಗೆ ಶಿಕಾಗೋ ತೋರಿಸಲು ಹೊರಟಾಗಲೆಲ್ಲ ಪಾಮರ್ ಹೌಸ್ ಹೋಟೆಲಿನ ಲಾಬಿಗೂ ಒಂದು ಸುತ್ತು ಕರೆದೊಯ್ಯುವುದು ನಮ್ಮ ಮನೆಯ ವಾಡಿಕೆ. ತಲೆಯೆತ್ತಿ ಚಿತ್ರಗಳ ಚಾವಣಿ ನೋಡುವುದು, ಒಂದೆರಡು ಫೋಟೋ ತೆಗೆಯುವುದು, ಹೊರಡುವುದು. 1975ರ ಕೊನೆಯಲ್ಲಿ ಇದೇ ಹೋಟೆಲಿನಲ್ಲಿ ಜಪಾನಿನ ಒಬ್ಬ ಸಂಶೋಧಕರು ಶಿಕಾಗೋ ವಿಶ್ವವಿದ್ಯಾಲಯದ ಒಬ್ಬ ವಿಜ್ಞಾನಿಗೆ ತಲೆಬಾಗಿ ವಂದಿಸಿ, ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟನ್ನು ಕೊಟ್ಟರು. ಆ ಗಂಟಿನಲ್ಲಿದ್ದದ್ದು ಒಣಗಿಸಿದ ಮೂತ್ರದ ಸಾರ! ನಗಬೇಡಿ, ಮಿತ್ರರೆ. ಇಂದು ಡಯಾಲಿಸಿಸ್ ಮಾಡಿಸಿಕೊಳ್ಳುವ ಎಷ್ಟೋ ಜನರ ಬದುಕು ಆ ಗಂಟಿಗೆ ಋಣಿಯಾಗಿದೆ.

ನಮ್ಮ ಜೀವಕೋಶಗಳು ತಯಾರಿಸುವ ಪ್ರೋಟೀನುಗಳಲ್ಲಿ ಹಲವು ಕೋಶದೊಳಗೇ ದುಡಿಯುತ್ತವೆ. ಇನ್ನು ಕೆಲವನ್ನು ಕೋಶ ಹೊರಗೆ ಸ್ರವಿಸುತ್ತದೆ. ಹೀಗೆ ಹೊರಬಂದ ಕೆಲವು ಪ್ರೋಟೀನುಗಳು ರಕ್ತದೊಡನೆ ಸಾಗಿ ದೂರದ ಅಂಗಕ್ಕೆ ಸುದ್ದಿ ಮುಟ್ಟಿಸುತ್ತವೆ. ಇನ್ಸುಲಿನ್ ನಮಗೆಲ್ಲ ಗೊತ್ತಿರುವ ಉದಾಹರಣೆ. ಅಂಥದೇ ಇನ್ನೊಂದು ಎರಿತ್ರೊಪೊಯೆಟಿನ್, ವೈದ್ಯರ ಬಾಯಲ್ಲಿ ಇಪಿಓ. ದೇಹದಲ್ಲಿ ಆಮ್ಲಜನಕ ಕಡಿಮೆಯಾದಾಗ ಮೂತ್ರಪಿಂಡದ ಕೆಲವು ಕೋಶಗಳು ಇದನ್ನು ಹೆಚ್ಚಾಗಿ ಸ್ರವಿಸುತ್ತವೆ. ಅದು ಮೂಳೆಯ ಮಜ್ಜೆಯನ್ನು ತಲುಪಿದಾಗ ಅಲ್ಲಿ ಕೆಂಪು ರಕ್ತಕಣಗಳ ತಯಾರಿ ಚುರುಕಾಗುತ್ತದೆ.

ಇಂಥ ವಸ್ತುವೊಂದು ಇರಬೇಕೆಂದು 1906ರಲ್ಲೇ ಫ್ರಾನ್ಸಿನ ಕಾರ್ನೋ ಮತ್ತು ದೆಫ್ಲಾಂದ್ರ್ ಹೇಳಿದ್ದರು. ರಕ್ತ ತೆಗೆದ ಮೊಲದ ಸೀರಮ್ಮನ್ನು ಆರೋಗ್ಯವಂತ ಮೊಲಕ್ಕೆ ಚುಚ್ಚಿದಾಗ ಅದರ ಕೆಂಪುಕಣಗಳು ಹೆಚ್ಚಿದವು ಎಂಬುದು ಅವರ ವರದಿ. ಅನೇಕರು ಅದನ್ನು ನಂಬಲಿಲ್ಲ. ಸುಮಾರು ಅರ್ಧ ಶತಮಾನದ ನಂತರ, 1955ರಲ್ಲಿ, ಯೂಜೀನ್ ಗೋಲ್ಡ್‌ವಾಸರ್ ಅದರ ಬೆನ್ನು ಹತ್ತಿದರು. ಕೆಲವು ತಿಂಗಳ ಕೆಲಸವೆಂದುಕೊಂಡು ಶುರುಮಾಡಿದ್ದು ಇಪ್ಪತ್ತು ವರ್ಷಗಳಿಗೂ ಮೀರಿ ನಡೆಯಿತು.

ಇಲಿಗಳ ಅಂಗಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಿದ ಗೋಲ್ಡ್‌ವಾಸರ್ ಮತ್ತು ಸಂಗಡಿಗರು 1957ರಲ್ಲಿ ಈ ಪ್ರೋಟೀನಿನ ತವರು ಮೂತ್ರಪಿಂಡವೆಂದು ತೋರಿಸಿಕೊಟ್ಟರು. ಮೂತ್ರಪಿಂಡ ಸೋತವರು ರಕ್ತಹೀನತೆಯಿಂದ ಬಳಲುವುದೇಕೆ ಎಂಬುದಕ್ಕೂ ಇದರಿಂದ ಉತ್ತರ ಸಿಕ್ಕಿತು. ಡಯಾಲಿಸಿಸ್ ಯಂತ್ರ ರಕ್ತವನ್ನು ಶುದ್ಧಿಮಾಡೀತು, ಆದರೆ ಪ್ರೋಟೀನನ್ನು ಸ್ರವಿಸಲಾರದು. ಆದ್ದರಿಂದ ರೋಗಿಗಳಿಗೆ ಮತ್ತೆ ಮತ್ತೆ ಬೇರೆಯವರ ರಕ್ತ ಕೊಡಬೇಕಾಗುತ್ತಿತ್ತು. ಅದರ ಜೊತೆಗೆ ದೇಹದಲ್ಲಿ ಕಬ್ಬಿಣ ಶೇಖರವಾಗುವ ತೊಂದರೆ, ಹೆಪಟೈಟಿಸ್ ಸೋಂಕಿನ ಭಯ.

ಪ್ರೋಟೀನು ಇರುವ ಜಾಗ ಗೊತ್ತಾಯಿತು, ಆದರೆ ಕೈಗೆ ಸಿಗಲಿಲ್ಲ. ರಕ್ತದಲ್ಲಿ ಅದರ ಪ್ರಮಾಣ ಅತ್ಯಲ್ಪ. ಕುರಿಗಳನ್ನು ರಕ್ತಹೀನಗೊಳಿಸಿ ಅವುಗಳ ರಕ್ತವನ್ನು ಸೋಸಿದರೂ ಸಾಲದಾಯಿತು. ಆಗ ನೆರವಿಗೆ ಬಂದವರು ಜಪಾನಿನ ಕುಮಾಮೊಟೊದ ತಕಾಜಿ ಮಿಯಾಕೆ. ಅಪ್ಲಾಸ್ಟಿಕ್ ಅನೀಮಿಯಾ ರೋಗದಲ್ಲಿ ಮಜ್ಜೆ ಕೆಲಸ ನಿಲ್ಲಿಸಿರುತ್ತದೆ. ಪಾಪ, ಮೂತ್ರಪಿಂಡ ಮಾತ್ರ ಉತ್ತರ ಬಾರದಿದ್ದರೂ ಕೂಗುತ್ತಲೇ ಇರುತ್ತದೆ! ಹಾಗೆ ಅತಿಯಾಗಿ ಸ್ರವಿಸಿದ ಪ್ರೋಟೀನು ಮೂತ್ರದಲ್ಲಿ ಹೊರಹೋಗುತ್ತದೆ. ಅಂಥ ರೋಗಿಗಳಿಂದ ಸಂಗ್ರಹಿಸಿದ 2,550 ಲೀಟರ್ ಮೂತ್ರದ ಸಾರವೇ ಆ ಗಂಟಿನಲ್ಲಿದ್ದದ್ದು. ಮಿಯಾಕೆ ಮತ್ತು ಗೋಲ್ಡ್‌ವಾಸರ್ ಅದರಿಂದ ಪಡೆದ ಶುದ್ಧ ಪ್ರೋಟೀನು ಸುಮಾರು 8 ಮಿಲಿಗ್ರಾಂ. 1977ರಲ್ಲಿ ಅದು ಪ್ರಕಟವಾಯಿತು.

ಆ ಚಿಟಿಕೆ ಪ್ರೋಟೀನಿನ ರಚನೆಯ ತುಣುಕುಗಳನ್ನು ಸುಳಿವಾಗಿ ಹಿಡಿದು, 1983ರಲ್ಲಿ ಆಮ್‌ಜೆನ್ ಕಂಪನಿಯ ಫು-ಕುಎನ್ ಲಿನ್ ಅದರ ಜೀನನ್ನು ಪತ್ತೆ ಹಚ್ಚಿದರು. ಈ ಪ್ರೋಟೀನಿಗೆ ಸಕ್ಕರೆಯ ಸರಪಣಿಗಳೂ ಅಂಟಿಕೊಂಡಿರಬೇಕು. ಬ್ಯಾಕ್ಟೀರಿಯಾಗಳಿಗೆ ಆ ಕುಶಲತೆ ಇಲ್ಲದ್ದರಿಂದ ಚೀನೀ ಹ್ಯಾಮ್‌ಸ್ಟರಿನ ಕೋಶಗಳಿಗೆ ಮನುಷ್ಯನ ಜೀನನ್ನು ಸೇರಿಸಿ, ಅವು ಇದನ್ನು ಸ್ರವಿಸುವಂತೆ ಮಾಡಲಾಯಿತು. 1987ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತಕ್ಕ ಪ್ರಮಾಣದಲ್ಲಿ ಔಷಧ ಪಡೆದ 18 ಡಯಾಲಿಸಿಸ್ ರೋಗಿಗಳ ಪೈಕಿ ಅದುವರೆಗೆ ರಕ್ತ ಪಡೆಯುತ್ತಿದ್ದ 12 ಮಂದಿಗೆ ಮತ್ತೆ ರಕ್ತ ಕೊಡುವ ಅಗತ್ಯವೇ ಬೀಳಲಿಲ್ಲ. 1989ರ ಜೂನಿನಲ್ಲಿ ಅಮೆರಿಕದಲ್ಲಿ ಔಷಧಕ್ಕೆ ಒಪ್ಪಿಗೆ ದೊರೆಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಸೈಕಲ್ ಪಂದ್ಯಗಳಲ್ಲಿ ಕಳ್ಳದಾರಿಯಿಂದ ಗೆಲ್ಲಲು ಇದನ್ನು ಚುಚ್ಚಿಕೊಂಡವರಿಂದ 1998ರ ಟೂರ್ ಡಿ ಫ್ರಾನ್ಸ್ ಹಗರಣವಾಯಿತು. ಹಿಮೋಗ್ಲೋಬಿನನ್ನು ವಿಪರೀತ ಏರಿಸಹೊರಟರೆ ಹೃದಯಕ್ಕೆ ಅಪಾಯವೆಂದು ಕಂಡುಬಂದು, 2007ರಲ್ಲಿ ಔಷಧದ ಮೇಲೆ ಕಟ್ಟೆಚ್ಚರಿಕೆ ಮುದ್ರಿಸಬೇಕಾಯಿತು. ಅಮೃತವೂ ಅತಿಯಾದರೆ ವಿಷ ಎಂದು ನಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ.

ಕಂಪನಿಗೆ ಈ ಔಷಧದಿಂದ ಕೋಟಿ ಕೋಟಿ ಡಾಲರ್ ಬಂತು. ಪೇಟೆಂಟ್ ಪಡೆಯದ ಗೋಲ್ಡ್‌ವಾಸರ್ 2010ರಲ್ಲಿ ತೀರಿಕೊಂಡರು. ವಿಜ್ಞಾನದ ಜಗತ್ತಿನ ಹೊರಗೆ ಅವರ ಹೆಸರು ಕೇಳಿದವರು ಕಡಿಮೆ. ಅವರ ಹೆಸರಾದರೂ ಪುಸ್ತಕಗಳಲ್ಲಿದೆ. ಕುಮಾಮೊಟೊದ ಆ ರೋಗಿಗಳ ಹೆಸರು ಎಲ್ಲಿಯೂ ಇಲ್ಲ. ಅವರ ಕಾಯಿಲೆಗೆ ಈ ಪ್ರೋಟೀನು ಮದ್ದೂ ಆಗಿರಲಿಲ್ಲ, ಅದು ಅವರ ದೇಹದಲ್ಲಿ ಬೇಕಾದಷ್ಟು ಇತ್ತು. ತಮಗೆ ಉಪಯೋಗಕ್ಕೆ ಬಾರದ್ದು ಬೇರೆಯವರಿಗೆ ಬರಲೆಂದು ಕೊಟ್ಟ ದಾನ ಅದು.

ಈ ಬಾರಿ ನೆಂಟರು ಬಂದಾಗ ಚಾವಣಿ ತೋರಿಸಿದ ಮೇಲೆ ಈ ಗಂಟಿನ ಕಥೆಯನ್ನೂ ಹೇಳಬೇಕೆಂದಿದ್ದೇನೆ.